ಸೋರದ ಮಾಳಿಗೆ

ಪಂಪಣ್ಣನ ಮನೆಯ ಮಾಳಿಗೆ ಸೋರುವುದು ಮಸ್ಕಿಯ ಆ ಓಣಿಗೆ ಹೊಸ ಸುದ್ದಿಯೇನಲ್ಲ. ಹೋದ ಮಳೆಗಾಲದಲ್ಲಿ ಚೀಲದೊಳಗಿನ ಜೋಳ ತೊಯ್ದು, ಇಟ್ಟಲ್ಲೇ ಮೊಳಕೆಯೊಡೆದಿತ್ತು. ಮಾಳಿಗೆಗೆ ಸಿಮೆಂಟು ಹಾಕಿಸೋಣವೆಂದರೆ ಪರ್ಮಿಟ್ಟು ಬೇಕು. ಬಂದ ಸಿಮೆಂಟೆಲ್ಲ ಸಿಂಧನೂರಿನ ಕಡೆ ಕಾಲುವೆ ಕಟ್ಟುವುದಕ್ಕೇ ಹೋಗುತ್ತಿತ್ತು.

ಕೊನೆಗೆ ಲಿಂಗಸುಗೂರಿನ ತಾಲೂಕು ಕಚೇರಿಯ ಗುಮಾಸ್ತ ಮಸ್ತಾನಸಾಬ ಒಂದು ದಾರಿ ತೋರಿಸಿದ. ಹಳೆಯ ಮನೆಗಳನ್ನು ನೋಡಲು ಬೆಂಗಳೂರಿನಿಂದ ಒಬ್ಬ ಸಾಹೇಬರು ಬರುತ್ತಿದ್ದಾರೆ. ರಿಪೇರಿ ಬೇಕೆಂದು ಅವರು ಬರೆದುಕೊಟ್ಟ ಮನೆಗೆ ಆರು ಚೀಲ ಸಿಮೆಂಟು ಸಿಗುತ್ತದೆ. ಪಂಪಣ್ಣ ಊರಿನ ಪೋಸ್ಟ್‌ಮನ್. ಅವನಿಗೆ ಗೊತ್ತಿಲ್ಲದ ಬಾಗಿಲಿಲ್ಲ. ಹಾಗಾಗಿ ಓಣಿ ಓಣಿ ನಡೆಸಿ ತೋರಿಸುವ ಕೆಲಸ ಅವನಿಗೇ ಬಂತು.

"ನಮ್ಮ ಮನಿ ಸೋರತೈತಿ ಅಂತ ಒಂದ ಮಾತು ಹೇಳ್ರಿ, ಸಾಕು. ನಿಮ್ಮ ದೊಡ್ಡಸ್ತನ ಇಲ್ಲೇ ಬಿಟ್ಟು ಹೋಗ್ರಿ," ಎಂದು ಹೆಂಡತಿ ಕರೆಮ್ಮ ಮುಂಜಾನೆಯೇ ಪಾಠ ಮಾಡಿ ಕಳಿಸಿದಳು.

ಮಸ್ಕಿಗೆ ಬಂದವರು ಅಶೋಕನ ಶಾಸನ ನೋಡಿ ಸೀದಾ ಬಸ್ಸು ಹತ್ತುವುದೇ ರೂಢಿ. ಈ ಸಾಹೇಬರು ಗುಡ್ಡ ಇಳಿದು ಊರೊಳಗೆ ಬಂದರು. ಅಷ್ಟಕ್ಕೇ ಪಂಪಣ್ಣನ ಎದೆ ಖಾಕಿ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

"ಇದು ನಮ್ಮ ಅಗಸಿ ನೋಡ್ರಿ. ಒಂದೊಂದು ಕಲ್ಲು ಒಂದೊಂದು ಎತ್ತಿನಷ್ಟು ಐತಿ. ಕಲ್ಲಿನ ಮ್ಯಾಲ ಕಲ್ಲು ಸುಮ್ನ ಕುಂತೈತಿ, ಅಳ್ಳಾಡಿಸ್ರಿ ನೋಡೂಣು!" ಊರಬಾಗಿಲನ್ನು ತಾನೇ ನಿಂತು ಕಟ್ಟಿಸಿದವನ ಹಾಗೆ ಹೇಳಿದ.

ಎರಡು ಹೆಜ್ಜೆ ಮುಂದಿಡುವುದರೊಳಗೆ ಗ್ಯಾನಮ್ಮ ಅಡ್ಡ ಬಂದಳು. "ನಮ್ಮ ಬಾಗಲಾ ನೋಡದ ಹೆಂಗ ಹೋಗ್ತೀರಿ? ಚೌಕಟ್ಟಿನ ಮ್ಯಾಲ ಹದಿನಾಲ್ಕು ಗಿಳಿ ಕೆತ್ತ್ಯಾರ, ಎಣಸ್ರಿ!" ಎಂದಳು. ಸಾಹೇಬರು ಗಿಳಿ ಎಣಿಸಿದರು, ಮಜ್ಜಿಗೆ ಕುಡಿದರು. ಅದನ್ನು ನೋಡಿ ಪಕ್ಕದ ಮನೆಯವರು ಕಂಬ ತೋರಿಸಿದರು, ಮಜ್ಜಿಗೆ ಕೊಟ್ಟರು. ಆರನೆಯ ಮನೆಗೆ ಬರುವಾಗ ಸಾಹೇಬರಿಗೆ ಮಜ್ಜಿಗೆ ಗಂಟಲ ತನಕ ಬಂದಿತ್ತು. ಹಿಂದೆ ಇಡೀ ಓಣಿ ಮದುವೆ ದಿಬ್ಬಣದ ಹಾಗೆ ಬರುತ್ತಿತ್ತು.

ದುರುಗಪ್ಪನ ಮನೆಯೆದುರು ಸಾಹೇಬರು ನಿಂತರು. ಗೋಡೆಯ ಮಣ್ಣು ಉದುರಿ ಕಲ್ಲು ಕಾಣುತ್ತಿತ್ತು. ಪಂಪಣ್ಣನಿಗೆ ಊರಿನ ಮಾನ ಹೋದಂತಾಯಿತು.

"ಅದನ್ನ ನೋಡಬ್ಯಾಡ್ರಿ ಸಾಹೇಬ್ರ. ಬೀಳೋ ಮನಿ ಅದು. ಮಳಿ ಬಂದ್ರ ಅಂವ ಛತ್ರಿ ಹಿಡ್ಕೊಂಡು ಉಣ್ತಾನ."

ಕಟ್ಟೆಯ ಮೇಲಿದ್ದ ದುರುಗಪ್ಪ ಎದ್ದು ನಿಂತ. "ಲೇ ಪಂಪ್ಯಾ, ನಿನ್ನ ಮನಿ ಸೋರಂಗಿಲ್ಲೇನಲೇ?"

ಓಣಿಯೆಲ್ಲ ಗೊಳ್ಳೆಂದಿತು. ಕರೆಮ್ಮ ಕಲಿಸಿದ ಮಾತು ಪಂಪಣ್ಣನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಷ್ಟು ಜನರೆದುರು ಅದನ್ನು ಹೇಳುವುದು ಹೇಗೆ?

"ನಮ್ಮಜ್ಜ ಕಟ್ಟಿಸಿದ ಮಾಳಗಿಲೇ ಅದು! ಮೂರು ತಲಿಮಾರು ಆತು, ಒಂದು ಹನಿ ಕೆಳಗ ಬಿದ್ದಿಲ್ಲ!"

"ಹೌದೇ? ಹಾಗಾದರೆ ನೋಡಲೇಬೇಕು," ಎಂದರು ಸಾಹೇಬರು.

ಮನೆಯಲ್ಲಿ ಕರೆಮ್ಮ, ಸಾಕ್ಷಿಗಿರಲೆಂದು, ಸೋರುವ ಜಾಗದಲ್ಲೆಲ್ಲ ಒಂದೊಂದು ಗಡಿಗೆ ಇಟ್ಟು ಕಾಯುತ್ತಿದ್ದಳು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಈ ಗಡಿಗೆಗಳು ಯಾತಕ್ಕೆ?" ಸಾಹೇಬರು ಕೇಳಿದರು.

ಕರೆಮ್ಮ ಬಾಯಿ ತೆರೆಯುವ ಮೊದಲೇ ಪಂಪಣ್ಣ ಹೇಳಿದ, "ಹಿರೇರ ಕಾಲದ ಗಡಿಗಿ ರೀ. ಪೂಜಾ ಮಾಡ್ತೀವಿ."

"ಹೀಗೆ ದಿಕ್ಕಾಪಾಲಾಗಿ ಇಟ್ಟು?"

"ಅದ ನಮ್ಮ ಪದ್ಧತಿ ರೀ."

ಸಾಹೇಬರು ಒಂದು ಗಡಿಗೆಗೆ ಕೈಮುಗಿದರು. ಕರೆಮ್ಮ ಗಂಡನನ್ನು ನೋಡಿದ ನೋಟಕ್ಕೆ ಜೋಳದ ರೊಟ್ಟಿ ಬೇಯುತ್ತಿತ್ತು.

ಸಾಹೇಬರು ಕಟ್ಟೆಯ ಮೇಲೆ ಕೂತು ಬರೆದುಕೊಟ್ಟು ಜೀಪು ಹತ್ತಿದರು. ಸಾಹೇಬರ ಜೊತೆ ಬಂದು ಊರಲ್ಲೇ ಉಳಿದ ಮಸ್ತಾನಸಾಬ ಆ ಕಾಗದವನ್ನು ಎಲ್ಲರೆದುರು ಓದಿದ: "ಪಂಪಣ್ಣನವರ ಮಾಳಿಗೆ ಈ ಸೀಮೆಗೇ ಮಾದರಿ. ಇದಕ್ಕೆ ಎಂದಿಗೂ ಸಿಮೆಂಟು ಮುಟ್ಟಿಸಕೂಡದು. ಶಾಸನ ನೋಡಲು ಬಂದವರಿಗೆಲ್ಲ ಇದನ್ನೂ ತೋರಿಸತಕ್ಕದ್ದು."

ಪಂಪಣ್ಣನಿಗೆ ಒಂದು ಗಳಿಗೆ ನಿಜಕ್ಕೂ ಹೆಮ್ಮೆಯೆನಿಸಿತು. ಅಶೋಕನ ಜೋಡಿ ತನ್ನ ಅಜ್ಜ!

"ಇನ್ನೊಂದು ಸಾಲೈತಿ," ಎಂದ ಮಸ್ತಾನಸಾಬ. "ದುರುಗಪ್ಪನ ಮನೆ ಬೀಳುವಂತಿದೆಯೆಂದು ಪಂಪಣ್ಣನವರೇ ಗಮನಕ್ಕೆ ತಂದಿದ್ದಾರೆ. ಆತನಿಗೆ ಆರು ಚೀಲ ಸಿಮೆಂಟು ಕೊಡಬಹುದು."

ದುರುಗಪ್ಪ ಓಡಿಬಂದು ಪಂಪಣ್ಣನನ್ನು ತಬ್ಬಿಕೊಂಡ. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗುಡುಗಿತು. ಜನ ಮನೆ ಸೇರಿದರು. ಸಂಜೆಯ ಮಳೆ ರಪರಪ ಹೊಡೆಯಿತು.

ಕಾಗದ ತೊಯ್ಯದಂತೆ ಅಂಗಿಯೊಳಗಿಟ್ಟು, ಒಣ ಜಾಗ ಹುಡುಕಿ ಮೂಲೆಗೆ ಒತ್ತಿ ಕೂತಿದ್ದ ಪಂಪಣ್ಣನಿಗೆ ಒಳಗಿಂದ ಕರೆಮ್ಮನ ಧ್ವನಿ ಕೇಳಿತು.

"ಏನ್ರೀ, ನಿಮ್ಮ ಪೂಜಾ ಗಡಿಗಿ ತುಂಬ್ಯಾವ. ಚೆಲ್ಲಿ ಬರ್ರಿ."