ಸಿಹಿನೀರಿನ ಸುಟ್ಟ ಬಂಗಡೆ

“ಎರಡು ದಿನ ಫೋನಿಲ್ಲ, ಟೀವಿಯಿಲ್ಲ, ಮೀನೂ ಇಲ್ಲ. ಬರೀ ಪ್ರಕೃತಿ!” ಎಂದು ಕಾಸರಕೋಡದ ಶಾಂತಾರಾಮ ಘೋಷಿಸಿದಾಗ ಅವನ ತಟ್ಟೆಯಲ್ಲಿ ಬಂಗಡೆಯ ಮುಳ್ಳು ಗುಡ್ಡೆಯಾಗಿತ್ತು. ಸಂತೆಗುಳಿಯ ಆಚೆ, ಕೆರೆದಂಡೆಯಲ್ಲೊಂದು ಮನೆ. ಅಲ್ಲಿ ನೇತ್ರಕ್ಕ ಎಂಬವರು ಪ್ರವಾಸಿಗರಿಗೆ ಕೋಣೆ ಕೊಡುತ್ತಾರೆ, ಊಟ ಶುದ್ಧ ಸಸ್ಯಾಹಾರ. ಇಷ್ಟು ತಿಳಿದದ್ದೇ ತಡ, ಹೆಂಡತಿ ಮಾಲತಿಯನ್ನೂ ಮಗಳು ಸೌಜನ್ಯಾಳನ್ನೂ ಒಂದು ಮಾತು ಕೇಳದೆ ಕೋಣೆ ಹಿಡಿದುಬಿಟ್ಟಿದ್ದ.

“ಮೀನಿಲ್ದೆ ನಿಮ್ಗೆ ತುತ್ತು ಇಳೀತದ್ಯಾ?” ಎಂದಳು ಮಾಲತಿ.

“ಮನಸ್ಸು ಗಟ್ಟಿ ಇದ್ರೆ ಎಂತದೂ ಆಗ್ತದೆ.”

“ಆತು. ವ್ರತ ಮುರಿದ್ರೆ ಇನ್ಮೇಲೆ ಮನೇಲಿ ಮೀನು ಕೊಯ್ಯೂದು ನೀವೇ.”

ಶಾಂತಾರಾಮ ಹುಟ್ಟಿದಾಗಿನಿಂದ ಮೀನು ತಿಂದವನೇ ಹೊರತು ಒಂದು ದಿನ ಈಳಿಗೆಮಣೆ ಮೇಲೆ ಕೂತವನಲ್ಲ. ಮೀನಿನ ಕರುಳು ಕಂಡರೆ ಮಹಾಶಯನಿಗೆ ತಲೆ ತಿರುಗುತ್ತದೆ. ಆದರೆ ಮೀಸೆ ಮಣ್ಣಾಗಬಾರದಲ್ಲ, ಒಪ್ಪಿದ. ಒಪ್ಪಿದ ಬೆನ್ನಿಗೇ ಎರಡು ಒಣ ಬಂಗಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಾಲುಚೀಲದೊಳಗೆ ತುರುಕಿ, ಬ್ಯಾಗಿನ ತಳದಲ್ಲಿ ಅಡಗಿಸಿಟ್ಟ.

ಮೊದಲ ದಿನ ಅವನ ಪ್ರಕೃತಿಪ್ರೇಮಕ್ಕೆ ಎಣೆಯೇ ಇರಲಿಲ್ಲ. ಕೆರೆಯ ತಾವರೆ ನೋಡಿ ಕಣ್ಣು ಮುಚ್ಚಿದ. ತಂಬುಳಿ ಕುಡಿದು “ಅಮೃತ” ಎಂದ. ನೇತ್ರಕ್ಕನ ಕಾಲಿಗೆ ಸುತ್ತುತ್ತಿದ್ದ ಬಿಳಿ ಬೆಕ್ಕನ್ನೂ ಹೊಗಳಿದ.

“ನಮ್ಮನೆ ಮುದ್ದಿಗೆ ಮಜ್ಜಿಗೆ ಅನ್ನವೇ ಆಗವು. ಹುಟ್ಟಿದ ಮೇಲೆ ಮೀನು ಮೂಸಿದ್ದಿಲ್ಲೆ” ಎಂದು ನೇತ್ರಕ್ಕ ಹೆಮ್ಮೆಯಿಂದ ಹೇಳಿದರು.

“ಕಲೀರಿ ಇದರಿಂದ” ಎಂದು ಶಾಂತಾರಾಮ ಹೆಂಡತಿ ಮಗಳ ಕಡೆ ನೋಡಿದ.

ಎರಡನೆಯ ದಿನ ಮಧ್ಯಾಹ್ನ ಮತ್ತೆ ತಂಬುಳಿ ಬಂತು. ಈ ಸಲ ಅದು ಅಮೃತದ ಹಾಗೆ ಕಾಣಲಿಲ್ಲ. ನಾಲಿಗೆ ಮುಷ್ಕರ ಹೂಡಿತು. “ಹಕ್ಕಿ ನೋಡಿ ಬರ್ತೆ” ಎಂದು ಕಾಲುಚೀಲ ಜೇಬಿಗಿಳಿಸಿ ಕೆರೆಯ ಆಚೆ ದಂಡೆಗೆ ನಡೆದ. ಒಣಗರಿ ಕೂಡಿಸಿ ಬೆಂಕಿ ಹಚ್ಚಿ ಬಂಗಡೆ ಸುಟ್ಟ. ಆಹಾ, ಆ ಪರಿಮಳ! ಎರಡು ದಿನದಲ್ಲಿ ಮೊದಲ ಸಲ ಅವನಿಗೆ ಪ್ರಕೃತಿ ನಿಜವಾಗಿಯೂ ಸುಂದರವಾಗಿ ಕಂಡಿತು.

ಒಂದು ಮೀನು ಹೊಟ್ಟೆ ಸೇರಿ ಇನ್ನೊಂದಕ್ಕೆ ಕೈ ಹಾಕಬೇಕು, ಹಿಂದೆ “ಮ್ಯಾಂವ್” ಎಂದಿತು. ಮುದ್ದಿ!

“ನೀನು ಸಸ್ಯಾಹಾರಿ ಅಲ್ವೇನೇ? ಹೋಗು!” ಎಂದ. ಹೋಗಲಿಲ್ಲ. ಬಾಯಿ ಮುಚ್ಚಿಸಲು ಬಾಲದ ಒಂದು ಚೂರು ಲಂಚ ಕೊಟ್ಟ. ಮುದ್ದಿ ಅದನ್ನು ಮೂಸಿತು, ನೆಕ್ಕಿತು, ಒಂದು ಕ್ಷಣ ಅವನ ಮುಖವನ್ನೇ ನೋಡಿತು. ಆಮೇಲೆ ಉಳಿದ ಇಡೀ ಬಂಗಡೆಯನ್ನು ಕಚ್ಚಿಕೊಂಡು ಮನೆಯತ್ತ ಓಟ ಕಿತ್ತಿತು. ಹಿಂದೆ ಪಂಚೆ ಎತ್ತಿಕೊಂಡು ಶಾಂತಾರಾಮ. ಕೆರೆಯ ಏರಿಯ ಮೇಲೆ ಜಾರಿ, ಮೊಣಕಾಲುದ್ದ ಕೆಸರಿಗಿಳಿದು, ಎದ್ದು ಮತ್ತೆ ಓಡಿದ.

ಅವನು ಅಂಗಳ ಮುಟ್ಟುವಷ್ಟರಲ್ಲಿ ಮುದ್ದಿ ತನ್ನ ಜೀವಮಾನದ ಮೊದಲ ಬೇಟೆಯನ್ನು ಜಗಲಿಯಲ್ಲಿ ಮಾಲತಿ, ಸೌಜನ್ಯಾರ ಜೊತೆ ಚಹಾ ಕುಡಿಯುತ್ತಿದ್ದ ನೇತ್ರಕ್ಕನ ಪಾದದ ಹತ್ತಿರ ಇಟ್ಟಾಗಿತ್ತು.

“ಅಯ್ಯೋ, ಮುದ್ದಿ ಕೆರೆಗೆ ಹಾರಿ ಮೀನು ಹಿಡಕಂಡು ಬೈಂದು!” ನೇತ್ರಕ್ಕ ಕಾಲು ಮೇಲೆಳೆದುಕೊಂಡರು.

ಸಿಕ್ಕಿದ್ದೇ ಸೀರುಂಡೆ ಎಂದುಕೊಂಡ ಶಾಂತಾರಾಮ ಏದುಸಿರಿನಲ್ಲಿ, “ಹೌದೌದು, ನಾ ಕಣ್ಣಾರೆ ಕಂಡೆ” ಎಂದ.

ಮಾಲತಿ ಬಗ್ಗಿ ಮೀನು ನೋಡಿದಳು. ಗಂಡನ ಮೀಸೆಗೆ ಅಂಟಿದ ಮಸಿಯನ್ನೂ ನೋಡಿದಳು. “ಕೆರೆಯಲ್ಲಿ ಸಮುದ್ರದ ಬಂಗಡೆ. ಅದೂ ಉಪ್ಪು ಹಚ್ಚಿ ಒಣಗಿಸಿದ್ದು. ಅದೂ ಸುಟ್ಟದ್ದು. ಸೌಜನ್ಯಾ, ಪ್ರಕೃತಿ ಅಂದ್ರೆ ಇದೇ ನೋಡೇ.”

ಸೌಜನ್ಯಾ ನಕ್ಕು ನಕ್ಕು ಚಹಾ ಚೆಲ್ಲಿದಳು. ಶಾಂತಾರಾಮ ನೇತ್ರಕ್ಕನ ಮುಂದೆ ಕೈಮುಗಿದು ನಿಂತ. ಆ ತಾಯಿ ಬೈಯಲಿಲ್ಲ, ಜಗಲಿ ತೊಳೆಯಲು ಒಂದು ಕೊಡಪಾನ ನೀರು ತಂದು ಅವನ ಮುಂದಿಟ್ಟರು.

ಮುಂದಿನ ಭಾನುವಾರ ಶಾಂತಾರಾಮ ಹಿತ್ತಲಿನಲ್ಲಿ ಈಳಿಗೆಮಣೆ ಹತ್ತಿ, ಮೂಗಿಗೆ ಟವೆಲು ಕಟ್ಟಿ, ಅರ್ಧ ಕಣ್ಣು ಮುಚ್ಚಿ ಬಂಗಡೆ ಕೊಯ್ಯುತ್ತಿದ್ದ. ಆಗ ನೇತ್ರಕ್ಕನ ಫೋನು ಬಂತು. ಮಾಲತಿ ಸ್ಪೀಕರ್ ಹಾಕಿದಳು.

“ತಮಾ, ನಮ್ಮನೆ ಮುದ್ದಿ ಮಜ್ಜಿಗೆ ಅನ್ನ ಮುಟ್ತಿಲ್ಲೆ. ದಿನಾ ನೀ ಕೂತ ಜಾಗದಲ್ಲೇ ಹೋಗಿ ಕೂತ್ಕತ್ತು. ಎಂತ ಮಾಡವು?”

ಶಾಂತಾರಾಮ ಮೂಗಿನ ಟವೆಲನ್ನು ಕಣ್ಣಿನವರೆಗೂ ಎಳೆದುಕೊಂಡ. ಮಾಲತಿ ಫೋನಿಟ್ಟು ನಿಟ್ಟುಸಿರು ಬಿಟ್ಟಳು.

“ನಿಮ್ಮ ವ್ರತ ಎರಡು ದಿನ ನಿಲ್ಲಲಿಲ್ಲ, ಹೋಗ್ಲಿ. ಪಾಪದ ಆ ಬೆಕ್ಕಿನ ಹುಟ್ಟಾ ವ್ರತ ಎಂತಕ್ಕೆ ಕೆಡಿಸಿ ಬಂದ್ರಿ?”