ಇಗ್ನೋರ್ ಪಟ್ಟಿ ನುಂಗಿದ್ದು

ಗಂಗಾವತಿಯಲ್ಲಿ ಹನ್ನೆರಡು ವರ್ಷ ಸಾಫ್ಟ್‌ವೇರ್ ಬರೆದೆ. ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಕೆಡುತ್ತಿದ್ದುದು ಕಡಿಮೆ. ಹೇಳಿದ್ದನ್ನು ಚಾಚೂ ತಪ್ಪದೆ ಕೇಳಿ ನಮ್ಮ ಮಾನ ಕಳೆಯುತ್ತಿದ್ದುದೇ ಹೆಚ್ಚು. ನಾವು ಬರೆದದ್ದೆಲ್ಲ ಗಿಟ್ ಎಂಬ ಒಂದೇ ಉಗ್ರಾಣಕ್ಕೆ ಸೇರಬೇಕು. ಯಾವ ಹೆಸರಿನ ಕಸ ಅದರೊಳಗೆ ಬರಬಾರದು ಅನ್ನಲು ಒಂದು ಇಗ್ನೋರ್ ಪಟ್ಟಿ. ಅದನ್ನು ನಮ್ಮ ಸೀನಿಯರ್ ಎಲ್ಲಿಂದಲೋ ಇಳಿಸಿಕೊಂಡಿದ್ದರು. ಪೂರ್ತಿ ಓದಿದವರು ಯಾರೂ ಇರಲಿಲ್ಲ.

ಬಿನ್

ರೈಸ್‌ಮಿಲ್ಲಿನಲ್ಲಿ ಭತ್ತ ತುಂಬುವ ದೊಡ್ಡ ತಗಡಿನ ಕಣಜಕ್ಕೆ ಬಿನ್ ಅಂತಾರೆ. ಅದರ ಪ್ರೋಗ್ರಾಂ ಬರೆದು 'ಬಿನ್' ಅನ್ನೋ ಫೋಲ್ಡರಿನಲ್ಲೇ ಇಟ್ಟೆ. ಪಟ್ಟಿಯಲ್ಲೂ ಅದೇ ಹೆಸರಿತ್ತು! ಗಿಟ್ ಅದನ್ನು ಕಸವೆಂದು ಹೊರಗೇ ಬಿಟ್ಟಿತ್ತು. ಉಗ್ರಾಣದಿಂದ ಇಳಿಸಿ ಮಿಲ್ಲಿನಲ್ಲಿ ತೋರಿಸಿದರೆ ಪರದೆ ಖಾಲಿ. ಮಾಲೀಕರು ಕಿಟಕಿಯಾಚೆ ನೋಡಿದರು.

"ಹೊರಗ ನಾಕು ಬಿನ್ ನಿಂತಾವ್ರಿ. ಇದರಾಗ ಒಂದೂ ಇಲ್ಲ. ಯಾವುದನ್ನ ನಂಬ್ಲಿ?"

"ಸದ್ಯಕ್ಕ ಹೊರಗಿನವನ್ನ ನಂಬ್ರಿ," ಅಂದೆ.

ಔಟ್

ಅದೇ ಮಿಲ್ಲಿನ ಗೇಟಿಗೆ ಪ್ರೋಗ್ರಾಂ ಬರೆಯುವ ಕೆಲಸ ನಮ್ಮಲ್ಲಿ ಹೊಸದಾಗಿ ಸೇರಿದ ಯಲಬುರ್ಗಾ ಕಡೆಯ ಹುಡುಗಿಯದು. ಒಳಬರುವ ಲಾರಿಗೆ 'ಇನ್' ಫೋಲ್ಡರ್, ಹೋಗುವುದಕ್ಕೆ 'ಔಟ್'. 'ಇನ್' ಮೊದಲೇ ಮುಗಿದಿತ್ತು. ಒಂದು ವಾರ ಕೂತು 'ಔಟ್' ಬರೆದಳು. ಗೇಟಿನ ಪ್ರೋಗ್ರಾಂ ಉಗ್ರಾಣದಿಂದ ಮಿಲ್ಲಿಗೂ ಹೋಯಿತು. ಸೀನಿಯರ್ ಉಗ್ರಾಣ ನೋಡಿದರೆ ಆ ವಾರದ್ದು ಏನೂ ಇಲ್ಲ.

"ಒಂದ್ ವಾರ ಏನ್ ಮಾಡೀಯವ್ವಾ?"

"ಖರೇನ ಬರದೀನ್ರಿ ಸರ್," ಅಂದವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಮಿಲ್ಲಿನಿಂದ ಫೋನ್. "ನಿಮ್ಮ ಕಂಪ್ಯೂಟರ್ ಪ್ರಕಾರ ಇಪ್ಪತ್ತಾರು ಲಾರಿ ಒಳಗ ಅದಾವ. ಒಂದೂ ಹೊರಗ ಹೋಗಿಲ್ಲ. ನಮ್ಮಲ್ಲಿ ಮೂರು ನಿಂತ್ರ ಗೇಟ್ ಹಾಕಾಕ ಬರಂಗಿಲ್ರಿ!"

ಪಟ್ಟಿ ತೆಗೆದೆವು. 'ಔಟ್' ಅಲ್ಲೇ ಇತ್ತು. ನಾಚಿಕೊಂಡ ಸೀನಿಯರ್ ತಾವೇ ಹೋಗಿ ಅವಳಿಗೆ ಮಿರ್ಚಿ ಬಜ್ಜಿ, ಮಂಡಾಳ ಒಗ್ಗರಣೆ ತಂದರು. ಅವಳು ಪೊಟ್ಟಣ ಬಿಚ್ಚುವ ಮುಂಚೆ ಕೇಳಿದಳು: "ಸರ್, ಮಿರ್ಚಿ ಹೆಸರು ಪಟ್ಟಿಯೊಳಗ ಇಲ್ಲಲ್ರಿ?"

ಟೆಂಪ್

ಹಟಕ್ಕೆ ಬಿದ್ದ ಸೀನಿಯರ್ ಪಟ್ಟಿಯನ್ನು ಸ್ವತಃ ಹೊಸದಾಗಿ ಬರೆದರು. ಆಗ ನದಿ ದಂಡೆಯ ಒಂದು ದೇವಿ ಗುಡಿಗೆ ಸೇವಾ ಬುಕಿಂಗ್ ಮಾಡುತ್ತಿದ್ದೆವು. ಕಮಿಟಿಯೆಲ್ಲ ಕೂತಿತ್ತು. ಪರದೆಯ ಮೇಲೆ ಹೂವು ಬಂತು, ಕಾಯಿ ಬಂತು, ಚಪ್ಪಲಿ ಸ್ಟ್ಯಾಂಡೂ ಬಂತು.

ರುಮಾಲಿನ ಅಜ್ಜ ಒಬ್ಬರು ಕಣ್ಣು ಕಿರಿದು ಮಾಡಿ ಕೇಳಿದರು: "ಚಪ್ಲಿ ಬಿಡಾಕ ಜಾಗಾ ಐತಿ. ಗುಡಿ ಎಲ್ಲೈತ್ರಿ?"

ಸೀನಿಯರ್ ಬೆವರು ಒರೆಸಿಕೊಂಡು ನಿಜ ಹೇಳಿದರು. "ಅಜ್ಜಾರ, ಟೆಂಪ್ ಅಂದ್ರ ತಾತ್ಪೂರ್ತಿಕ, ನಾಕು ದಿನದ್ದು. ಟೆಂಪ್ ಅಂತ ಶುರುವಾಗೂದನ್ನೆಲ್ಲ ಬಿಟ್ಟುಬಿಡು ಅಂತ ಬರದಿದ್ನಿ. 'ಟೆಂಪಲ್' ಫೋಲ್ಡರೂ ಅದರ ಜೋಡಿ ಹೋತ್ರಿ."

ಅಜ್ಜ ರುಮಾಲು ಸರಿಮಾಡಿಕೊಂಡರು. "ತಮ್ಮಾ, ತಾಯಿ ಇಲ್ಲಿ ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಕುಂತಾಳ. ತಾತ್ಪೂರ್ತಿಕ ಇದ್ದದ್ದನ್ನ ತಗೀಬೇಕಂದ್ರ ಈ ಕಮಿಟೀನ ತಗೀಬೇಕಿತ್ತು!"

ಪಕ್ಕದಲ್ಲಿದ್ದ ಕಮಿಟಿ ಅಧ್ಯಕ್ಷರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು.