ಕೆರೆ ಕೆಡಿಸಿದ ಎಮ್ಮೆಗಳ ಪರವಾಗಿ

ಕೆರೆ ಕೆಟ್ಟದ್ದು ಎಮ್ಮೆಗಳಿಂದ ಎನ್ನುವವರಲ್ಲಿ ಒಬ್ಬರಾದರೂ ಎಮ್ಮೆಗಳ ಕಡೆಯ ವಾದ ಕೇಳಿದ್ದಾರೆಯೇ ಎಂಬುದು ನನ್ನ ಮೊದಲ ತಕರಾರು. ಒಪ್ಪಿದೆ, ಎಮ್ಮೆ ನೋಡಲಿಕ್ಕೆ ಆರೋಪಿಯ ಹಾಗೇ ಇರುತ್ತದೆ. ಮೈತುಂಬ ಕೆಸರು ಮೆತ್ತಿಕೊಂಡು, ಏನು ಕೇಳಿದರೂ ಉತ್ತರಿಸದೆ, ಮೆಲುಕು ಹಾಕುತ್ತ ಕೂತಿರುತ್ತದೆ. ಆದರೆ ಮುಖ ನೋಡಿ ತೀರ್ಪು ಕೊಡುವುದಾದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಒಂದು ಬಹುಮಾನವೂ ಬರುತ್ತಿರಲಿಲ್ಲ.

ಆ ಸ್ಪರ್ಧೆಗಳೇ ನನ್ನನ್ನು ಹಾಳು ಮಾಡಿದ್ದು. ಚೀಟಿ ಎತ್ತಿದರೆ ಯಾವಾಗಲೂ ‘ವಿರೋಧ’ವೇ ಬರುತ್ತಿತ್ತು. ಬರಬರುತ್ತ ಚೀಟಿ ಇಲ್ಲದೆಯೂ ವಿರೋಧ ಬರತೊಡಗಿತು. ಅವ್ವ “ಅನ್ನ ಆಗ್ಯಾದ, ಉಣ್ಣು ಬಾ” ಅಂದರೆ “ಆಧಾರ?” ಎಂದು ಕೇಳುವ ಮಟ್ಟಕ್ಕೆ ಹೋಗಿದ್ದೆ. ಹೀಗಾಗಿ, ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಓಣಿಗೆ ಎಸ್‌ಟಿಡಿ ಬೂತ್ ಬಂದ ವರ್ಷ, ಕಮಲಾಪುರದ ಸೋದರಮಾವ ಅಲ್ಲಿಗೆ ಫೋನ್ ಹಚ್ಚಿ “ನಿನ್ನ ಮಗಳಿಗಿ ಕಳಸು ಅಕ್ಕಾ, ಊರಾಗ ಮಾತಾಡೋ ಕೆಲಸ ಅದ” ಅಂದಾಗ, ಮನೆಯವರು ಕಾರಣವನ್ನೂ ಕೇಳದೆ ನನ್ನ ಚೀಲ ತುಂಬಿದರು.

ಕಾರಣ ಏನೆಂದು ಮಾವನ ಮನೆಯ ಮೊದಲ ಗುಟುಕಿನಲ್ಲೇ ಗೊತ್ತಾಯಿತು. ಚಹಾ ವಾಸನೆ ಹೊಡೆಯುತ್ತಿತ್ತು. ಅವರ ಓಣಿಗೆಲ್ಲ ನೀರು ಕೆರೆ ಏರಿಯ ಕೆಳಗಿನ ಬಾವಿಯದು. ಎರಡು ಮಳೆಗಾಲದಿಂದ ಕೆರೆ ಹಸಿರಾಗಿ, ಮೇಲೆ ಕೆನೆಯ ಹಾಗೆ ಪಾಚಿ ಕಟ್ಟಿತ್ತು. ಅತ್ತೆ ಶುಂಠಿ ಹಾಕಿದರು, ಏಲಕ್ಕಿ ಹಾಕಿದರು, ಕಡೆಗೆ ಲವಂಗವನ್ನೂ ಹಾಕಿದರು. ಚಹಾ ಮಸಾಲೆ ಹಾಕಿದ ಪಾಚಿಯಾಯಿತೇ ಹೊರತು ಚಹಾ ಆಗಲಿಲ್ಲ.

ಓಣಿಯವರು ಆರೋಪಿಯನ್ನು ಆಗಲೇ ಹಿಡಿದಿದ್ದರು: ಹಿಂದಿನ ಮನೆಯ ಬಸಮ್ಮನ ನಾಲ್ಕು ಎಮ್ಮೆಗಳು. ಗಂಡ ತೀರಿಕೊಂಡ ಮೇಲೆ ಬಸಮ್ಮನ ಮನೆ ನಡೆಯುವುದು ಆ ಹಾಲಿನ ಮೇಲೆ. ಮಧ್ಯಾಹ್ನ ನೀರಿಗೆ ಬೀಳದ ಎಮ್ಮೆ ಹಾಲು ಇಳಿಸುವುದಿಲ್ಲ. ಅವಕ್ಕೆ ಕೆರೆ ಬಂದಾದರೆ ಮಾರುವುದೊಂದೇ ದಾರಿ. ಮರುದಿನ ಬೆಳಿಗ್ಗೆ ಬೇವಿನ ಕಟ್ಟೆಯ ಮೇಲೆ ಹಿರಿಯರು ಕೂಡಿ ಎಮ್ಮೆಗಳಿಗೆ ಕೆರೆ ಬಂದ್ ಮಾಡುವವರಿದ್ದರು.

“ಬಸಮ್ಮನ ಬಾಯಿ ಅಂದ್ರ ಬಾಯಿ. ಅಕಿ ಮುಂದ ನಾವ್ಯಾರೂ ನಿಲ್ಲಂಗಿಲ್ಲ. ನೀ ಆದ್ರ ಸರಿಗಿ ಸರಿ,” ಅಂದರು ಮಾವ. ಇದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಆದರೆ ನನಗೆ ಕೂತಲ್ಲಿ ಕೂಡಲಾಗದು. ಸಾಕ್ಷಿ ಇಲ್ಲದೆ ವೇದಿಕೆ ಹತ್ತುವುದುಂಟೇ ಎಂದು ಸಂಜೆ ಕೆರೆ ಸುತ್ತಲು ಹೊರಟೆ. ಅರ್ಧ ಸುತ್ತಿಗೆ ಮಳೆ ಹಿಡಿಯಿತು; ಓಡಿ ಮಾವನ ಕೆಂಪು ಬಾಳೆಯ ತೋಟ ಹೊಕ್ಕೆ. ಅಲ್ಲಿ ನಿಂತು ನೋಡುತ್ತೇನೆ, ಹುಲ್ಲುಗಾವಲೇ ಇಲ್ಲ! ನಾವು ಸಣ್ಣವರಿದ್ದಾಗ ತೋಟಕ್ಕೂ ಕೆರೆಗೂ ನಡುವೆ ಅಗಲವಾದ ಗಾಯರಾಣ ಇತ್ತು, ಊರ ದನ ಮೇಯುವ ಜಾಗ. ಕಲಬುರಗಿಯ ಮಂದಿಗೆ ಕೆಂಪು ಬಾಳೆಯ ರುಚಿ ಹತ್ತಿದ ಮೇಲೆ, ಅತ್ತಿತ್ತಿನ ತೋಟದವರೆಲ್ಲ ಒಂದೊಂದು ಸಾಲು ಎನ್ನುತ್ತ ಅದನ್ನು ನೀರಿನ ಅಂಚಿನವರೆಗೂ ನೇಗಿಲಿಗೆ ಕೊಟ್ಟಿದ್ದರು. ಬಾಳೆಯ ಬೇರಿನಲ್ಲಿ ನೀರು ನಿಲ್ಲಬಾರದೆಂದು ಸಾಲುಗಳನ್ನು ನೆಟ್ಟಗೆ ಕೆರೆಯ ಕಡೆ ಇಳಿಜಾರಿಗೆ ಹೊಡೆದಿದ್ದರು. ಮಳೆಯೇ ಕರಗಿಸಲಿ ಎಂದು ಮುಂಚಿನ ದಿನ ಯೂರಿಯಾ ಗೊಬ್ಬರ ಉಗ್ಗಿದ್ದರು. ಮಳೆ ಕರಗಿಸಿತು. ಕೆಂಪು ಮಣ್ಣೂ ಬಿಳಿ ಹರಳೂ ಕೂಡಿ, ಒಂದೊಂದು ಸಾಲೂ ಒಂದೊಂದು ಕಾಲುವೆಯಾಗಿ, ನನ್ನ ಚಪ್ಪಲಿಯ ಮೇಲಿಂದಲೇ ಕೆರೆಗೆ ಇಳಿದು ಹೋದವು. ತಡೆಯಲು ಒಂದು ಗರಿಕೆಯೂ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಾವನಿಗೆ ಹೇಳಿಬಿಡಬೇಕಿತ್ತು. ಆದರೆ ವಾದವನ್ನು ಮೊದಲೇ ಬಿಚ್ಚುವುದು ನಮ್ಮ ಪದ್ಧತಿಯಲ್ಲ.

ಬೆಳಿಗ್ಗೆ ಕಟ್ಟೆಯ ಮೇಲೆ ಎದ್ದು ನಿಂತೆ. “ಎಮ್ಮೆ ಕೆರೆಗೆ ಬೀಳುವುದು ಇಂದು ನಿನ್ನೆಯದೇ? ನಿಮ್ಮ ಅಜ್ಜಂದಿರ ಕಾಲದಲ್ಲೂ ಬೀಳುತ್ತಿತ್ತು. ಆಗ ಚಹಾ ನಾರುತ್ತಿತ್ತೇ? ಇಲ್ಲ ಎಂದಾದರೆ ಈ ಎರಡು ವರ್ಷದಲ್ಲಿ ಹೊಸದಾಗಿ ಕೆರೆಗೆ ಬಿದ್ದದ್ದು ಏನು?” ಎಂದು ಶುರು ಮಾಡಿ, ಗಾಯರಾಣ, ಸಾಲು, ಗೊಬ್ಬರ, ಎಲ್ಲವನ್ನೂ ಹರವಿದೆ. ಮಾವನ ಮುಖ ಅವರ ಬಾಳೆಹಣ್ಣಿನ ಬಣ್ಣಕ್ಕೆ ಬಂತು.

“ವಕೀಲಬಾಯಿ, ಜರಾ ತಡಿ,” ಅಂದರು. “ನಿಮ್ಮಪ್ಪ ಶರಣಸಿರಸಗಿ ಲೇಔಟಿನಾಗ ಪ್ಲಾಟ್ ಹಿಡದಾನಲ್ಲ, ಅಲ್ಲಿ ಒಂದು ಹಳ್ಳ ಹರೀತಿತ್ತು. ಅದು ಎಲ್ಲಿ ಹೋತು? ಅದನ್ನೂ ಎಮ್ಮಿ ಕುಡೀತೇನು?”

ಕಟ್ಟೆಯೆಲ್ಲ ನಕ್ಕಿತು. ಕೆಳಗೆ ನಿಂತಿದ್ದ ಬಸಮ್ಮನೂ ನಕ್ಕಳು. “ಇದು ಇಂದಿನ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ” ಎಂದೆ. ಉತ್ತರ ಇಲ್ಲದಾಗ ನಾವು ಹೇಳುವುದು ಅದನ್ನೇ.

ಹಿರಿಯರೊಬ್ಬರು ಪಂಚೆ ಕೊಡವಿ ತೀರ್ಮಾನ ಹೇಳಿದರು: “ಹುಡುಗಿ ಮಾತು ಖರೇ ಅದ. ಭಾಳ ಛಲೋ ಮಾತಾಡ್ತು. ಹುಲ್ಲಿನ ಮಾತು ಈ ಬಾಳಿ ಕಡದ ಮ್ಯಾಲ ನೋಡಮು. ಸದ್ಯಕ್ಕ ಎಮ್ಮಿ ಬಂದ್.” ಕಟ್ಟೆಯ ಮೇಲೆ ಕೂತವರಲ್ಲಿ ಎಮ್ಮೆ ಇದ್ದವರು ಒಬ್ಬರೂ ಇರಲಿಲ್ಲ, ಬಾಳೆ ಇಲ್ಲದವರೂ ಇರಲಿಲ್ಲ. ಇದನ್ನು ಗಮನಿಸಿದ್ದು ಚಪ್ಪಾಳೆ ನಿಂತ ಮೇಲೆ. ಹೌದು, ಚಪ್ಪಾಳೆ ಹೊಡೆದಿದ್ದರು. ಮೊದಲು ಹೊಡೆದವರು ಮಾವ.

ಬಸ್ಸಿಗೆ ಹೊರಟಾಗ ಬಸಮ್ಮ ಎಮ್ಮೆಗಳನ್ನು ಹೊಡೆದುಕೊಂಡು ಎದುರಾದಳು. ಬೈಯುತ್ತಾಳೆಂದು ಮೂರು ಬಗೆಯ ಸಮಜಾಯಿಷಿ ಸಿದ್ಧ ಮಾಡಿಕೊಂಡೆ. ಊರೆಲ್ಲ ಹೆದರುವ ಆ ಬಾಯಿ ಅಂದು ಜೋರು ಮಾಡಲೇ ಇಲ್ಲ. ಮುಂದಿನ ಎಮ್ಮೆ ರೂಢಿಯಂತೆ ಕೆರೆಯ ದಾರಿಗೆ ಹೊರಳಿತು. ಹಗ್ಗ ಜಗ್ಗಿ ಹಿಡಿದು ನನ್ನ ಕಡೆ ತಿರುಗಿದಳು.

“ನೀ ಗೆದ್ದಿ ಅಂತ ಎಲ್ಲಾರೂ ಅನ್ನಾಕತ್ತಾರ, ತಂಗಿ. ಇರಲಿ. ಈಗ ಬಿಸಲು ಏರಾಕತ್ತದ. ಇವಕ್ಕ ನಾ ಎಲ್ಲಿಗಿ ಹೊಡೀಲಿ, ಹೇಳು?”